ಹನ್ನೆರಡರಲ್ಲಿ ಪಟ್ಟ, ಎಂಬತ್ತರವರೆಗೆ ಆಳ್ವಿಕೆ: ಮಾಯಾ ಅರಸ ಪಕಾಲ್

ಕ್ರಿ.ಶ. 615ರ ಜುಲೈ 26. ಇಂದಿನ ಮೆಕ್ಸಿಕೋ ದೇಶದ ದಕ್ಷಿಣಕ್ಕಿರುವ ಚಿಯಾಪಾಸ್ ರಾಜ್ಯ. ಅಲ್ಲಿನ ಬೆಟ್ಟದ ತಪ್ಪಲಿನ ಒಂದು ಊರಿನಲ್ಲಿ ಅಂದು ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಪಟ್ಟ ಕಟ್ಟಿದರು. ಕಿರೀಟ ಕೊಟ್ಟವಳು ಹೆತ್ತ ತಾಯಿ. ತಂದೆ ಬದುಕಿದ್ದ, ಆದರೆ ಅವನು ಎಂದೂ ಅರಸನಾಗಿದ್ದವನಲ್ಲ. ಅಪ್ಪನಿಂದ ಮಗನಿಗೆ ಸಿಂಹಾಸನ ಹೋಗುವುದೇ ವಾಡಿಕೆಯಾಗಿದ್ದ ಮಾಯಾ ನಾಡಿನಲ್ಲಿ ಇದು ಸಣ್ಣ ಕೊರತೆಯಾಗಿರಲಿಲ್ಲ. ಆ ಹುಡುಗ ಮುಂದೆ ಅರುವತ್ತೆಂಟು ವರ್ಷ ಆಳಿದ. ತನ್ನ ಹಕ್ಕನ್ನು ಕಲ್ಲಿನಲ್ಲಿ, ಗಾರೆಯಲ್ಲಿ ಬರೆಸುತ್ತಲೇ ಹೋದ. ಅವನ ಹೆಸರು ಕಿನಿಚ್ ಜನಾಬ್ ಪಕಾಲ್. ಪಕಾಲ್ ಎಂದರೆ ಗುರಾಣಿ.

ಮಾಯಾ ಎಂದ ಕೂಡಲೇ ಒಂದೇ ದೊಡ್ಡ ಸಾಮ್ರಾಜ್ಯ ಎಂಬ ಕಲ್ಪನೆ ಹಲವರಿಗಿದೆ. ಹಾಗೇನೂ ಇರಲಿಲ್ಲ. ಇಂದಿನ ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲಾ, ಬೆಲೀಜ್ ಮತ್ತು ಹೊಂಡುರಾಸ್‌ನ ಒಂದು ಭಾಗದಲ್ಲಿ ಹತ್ತಾರು ನಗರಗಳಿದ್ದವು. ಪ್ರತಿ ನಗರಕ್ಕೂ ಒಬ್ಬ ಅರಸ. ಲಿಪಿ ಒಂದೇ, ಪಂಚಾಂಗ ಒಂದೇ, ದೇವರುಗಳೂ ಹೆಚ್ಚು ಕಡಿಮೆ ಅವೇ. ಆದರೂ ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುವುದು ತಪ್ಪಿರಲಿಲ್ಲ. ದೊಡ್ಡ ಅರಸರು ಸಣ್ಣ ಅರಸರನ್ನು ಕೈಕೆಳಗೆ ಇಟ್ಟುಕೊಳ್ಳುತ್ತಿದ್ದರು. ಆ ಕಾಲದಲ್ಲಿ ಎಲ್ಲರಿಗಿಂತ ಬಲವಾಗಿ ಬೆಳೆಯುತ್ತಿದ್ದುದು ಹಾವಿನ ತಲೆಯನ್ನು ಲಾಂಛನವಾಗಿ ಇಟ್ಟುಕೊಂಡಿದ್ದ ಒಂದು ವಂಶ. ಮುಂದೆ ಕಲಕ್ಮುಲ್ ನಗರದಿಂದ ಆಳಿದವರು ಇವರೇ.

ಪಕಾಲನ ಊರನ್ನು ಈಗ ಪಾಲೆಂಕೆ ಎನ್ನುತ್ತಾರೆ. ಇದು ಸ್ಪೇನಿನವರು ಇಟ್ಟ ಹೆಸರು. ಅಲ್ಲಿನ ಜನ ಅದನ್ನು ಲಕಮ್‌ಹಾ ಎಂದು ಕರೆಯುತ್ತಿದ್ದರು. ಅರ್ಥ ದೊಡ್ಡ ನೀರು. ಹೆಸರಿಗೆ ತಕ್ಕ ಊರೇ ಅದು. ಬೆಟ್ಟದಿಂದ ಇಳಿಯುವ ಹತ್ತಾರು ತೊರೆಗಳು, ಜೋರು ಮಳೆ, ಹಿಂದೆ ಕಾಡು, ಮುಂದೆ ಮೆಕ್ಸಿಕೋ ಕೊಲ್ಲಿಯ ಕಡೆಗೆ ಹರಡಿಕೊಂಡ ಬಯಲು. ಮಾಯಾ ನಾಡಿನ ಪಶ್ಚಿಮದ ಗಡಿ ಊರು. ಗಡಿ ಊರುಗಳಿಗೆ ಬರುವ ಕಷ್ಟ ಇದಕ್ಕೂ ಬಂತು.

599ರ ಏಪ್ರಿಲ್‌ನಲ್ಲಿ ಹಾವಿನ ವಂಶದ ಸೈನ್ಯ ಬಹಳ ದೂರದಿಂದ ಬಂದು ಪಾಲೆಂಕೆಯನ್ನು ಕೊಳ್ಳೆ ಹೊಡೆಯಿತು. ಆಗ ಅಲ್ಲಿ ಆಳುತ್ತಿದ್ದುದು ಯೋಲ್ ಇಕ್ನಾಲ್ ಎಂಬ ಹೆಂಗಸು. ಮಾಯಾ ಇತಿಹಾಸದಲ್ಲಿ ಸ್ವಂತ ಹಕ್ಕಿನಿಂದ ರಾಣಿಯಾದವರು ಬೆರಳೆಣಿಕೆಯಷ್ಟು. ಅವರಲ್ಲಿ ಈಕೆ ಒಬ್ಬಳು. 583ರಿಂದ 604ರವರೆಗೆ ಇವಳ ಆಳ್ವಿಕೆ. ಕೊಳ್ಳೆಯಾದ ನಾಲ್ಕು ವರ್ಷಕ್ಕೆ, 603ರ ಮಾರ್ಚ್ 23ರಂದು, ಅದೇ ಮನೆತನದಲ್ಲಿ ಪಕಾಲ್ ಹುಟ್ಟಿದ. ಅವನಿಗೆ ಎಂಟು ವರ್ಷವಾಗಿದ್ದಾಗ, 611ರ ಏಪ್ರಿಲ್‌ನಲ್ಲಿ, ಅದೇ ಶತ್ರು ಮತ್ತೊಮ್ಮೆ ಬಂದ. ಈ ಎರಡನೆಯ ಹೊಡೆತದಿಂದ ಊರು ಚೇತರಿಸಿಕೊಳ್ಳಲಿಲ್ಲ. ಮರುವರ್ಷವೇ ಅರಸ ಅಜೆನ್ ಯೋಲ್ ಮಾತ್ ತೀರಿಕೊಂಡ. ಅದೇ ವರ್ಷ ಮನೆತನದ ಇನ್ನೊಬ್ಬ ಹಿರಿಯನೂ ಸತ್ತ. ಆತನ ಹೆಸರೂ ಜನಾಬ್ ಪಕಾಲ್. ಹುಡುಗನಿಗೆ ಇದ್ದುದು ಈ ಹಿರಿಯನ ಹೆಸರೇ.

613ರ ಮೇ ತಿಂಗಳಿನಲ್ಲಿ ನಡೆದದ್ದು, ಸರಿಯಾಗಿ ಹೇಳಬೇಕೆಂದರೆ ನಡೆಯದೇ ಹೋದದ್ದು, ಇನ್ನೂ ದೊಡ್ಡ ಆಘಾತ. ಮಾಯಾ ಪಂಚಾಂಗದಲ್ಲಿ 7,200 ದಿನಗಳ, ಅಂದರೆ ಇಪ್ಪತ್ತು ವರ್ಷಕ್ಕೆ ಸ್ವಲ್ಪ ಕಡಿಮೆಯಾದ ಒಂದು ಅವಧಿಯಿದೆ. ಅದಕ್ಕೆ ಕಟುನ್ ಎಂದು ಹೆಸರು. ಒಂದೊಂದು ಕಟುನ್ ಮುಗಿದಾಗಲೂ ಅರಸನೇ ನಿಂತು ದೇವರಿಗೆ ಕಾಣಿಕೆ ಒಪ್ಪಿಸಬೇಕು. ಪಾಲೆಂಕೆಯಲ್ಲಿ ಮೂವರು ಕುಲದೇವರು. ಅವರಿಗೆ ಹೊಸ ಬಟ್ಟೆ ಉಡಿಸಬೇಕು, ಶಿರೋಭೂಷಣ ತೊಡಿಸಬೇಕು, ಒಡವೆ ಹಾಕಬೇಕು. ಆ ಸಲ ಅದು ಆಗಲಿಲ್ಲ. ದೇವರುಗಳಿಗೆ ಅಲಂಕಾರವಾಗಲಿಲ್ಲ, ಅರಸನೂ ಇಲ್ಲವಾದ, ಒಡತಿಯೂ ಇಲ್ಲವಾದಳು ಎಂದು ಪಾಲೆಂಕೆಯ ಶಾಸನವೇ ಗೋಳಿಡುತ್ತದೆ. ಸಾಮಾನ್ಯವಾಗಿ ಅರಸರು ಗೆದ್ದದ್ದನ್ನು ಮಾತ್ರ ಬರೆಸುತ್ತಾರೆ. ತಮ್ಮ ಊರು ಹಾಳಾದ ಕಥೆಯನ್ನು ದೇವಸ್ಥಾನದ ಗೋಡೆಯ ಮೇಲೆ ಬರೆಸಿದ ಅರಸರು ಅಪರೂಪ. ಬರೆಸಿದವನು ಪಕಾಲ್. ಆ ಕಾರ್ಯ ತಪ್ಪಿಹೋದಾಗ ಅವನಿಗೆ ಹತ್ತು ವರ್ಷ.

612 ಮತ್ತು 615ರ ನಡುವೆ ಪಟ್ಟದಲ್ಲಿ ಯಾರಿದ್ದರು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಶಾಸನದಲ್ಲಿ ಆ ಜಾಗದಲ್ಲಿ ಇರುವುದು ದೇವರ ಹೆಸರು. ಕುಲದೇವರನ್ನು ಹೆತ್ತ ಆದಿದೈವದ ಹೆಸರೇ ಅದು. ಪಕಾಲನ ತಾಯಿ ಸಕ್ ಕುಕ್ ಆ ಹೆಸರಿನಲ್ಲಿ ಆಳಿದಳು ಎಂಬುದು ಹಲವರ ಅಭಿಪ್ರಾಯ. ಅದು ನಿಜವಾದರೆ ಅವಳ ಜಾಣತನವನ್ನು ಮೆಚ್ಚಲೇಬೇಕು. ದೇವರ ತಾಯಿಯ ಹೆಸರು ಹೊತ್ತವಳ ಮಗ ಪಟ್ಟಕ್ಕೆ ಬಂದರೆ ಅಪ್ಪ ಯಾರೆಂದು ಕೇಳುವವರು ಯಾರು?

ಪಟ್ಟಾಭಿಷೇಕದ ಚಿತ್ರವೊಂದು ಉಳಿದಿದೆ. ಪಾಲೆಂಕೆಯ ಅರಮನೆಯ ಗೋಡೆಯಲ್ಲಿ ಕೂರಿಸಿದ ಅಂಡಾಕಾರದ ಕಲ್ಲು ಅದು. ಎರಡು ತಲೆಯ ಜಾಗ್ವಾರ್ ಆಕಾರದ ಪೀಠದ ಮೇಲೆ ಪಕಾಲ್ ಕಾಲು ಮಡಚಿ ಕುಳಿತಿದ್ದಾನೆ. ಎದುರಿಗೆ ತಾಯಿ, ಅವಳ ಕೈಯಲ್ಲಿ ಕಿರೀಟ. ಬೇರೆ ಯಾರೂ ಇಲ್ಲ. ತಂದೆ ಕಾನ್ ಮೋ ಹಿಶ್‌ಗೆ ಚಿತ್ರದಲ್ಲಿ ಜಾಗವಿಲ್ಲ. ಆದರೆ ಒಂದು ವಿಷಯ ನೆನಪಿಡಬೇಕು. ಈ ಕಲ್ಲು ಇರುವ ಕಟ್ಟಡ ಪೂರ್ತಿಯಾದದ್ದು 654ರಲ್ಲಿ. ಆಗ ಪಕಾಲನಿಗೆ ಐವತ್ತು ದಾಟಿತ್ತು, ತಾಯಿ ಸತ್ತು ಹದಿನಾಲ್ಕು ವರ್ಷವಾಗಿತ್ತು. ಅಂದರೆ ಇದು ಆ ದಿನ ನೋಡಿ ಬಿಡಿಸಿದ ಚಿತ್ರವಲ್ಲ. ತನ್ನ ಪಟ್ಟ ಎಲ್ಲಿಂದ ಬಂತು ಎಂಬುದನ್ನು ನಡುವಯಸ್ಸಿನ ಅರಸನೊಬ್ಬ ತನ್ನ ಆಸನದ ಮೇಲ್ಭಾಗದಲ್ಲೇ, ಬಂದವರೆಲ್ಲ ನೋಡುವಂತೆ ಕೆತ್ತಿಸಿದ್ದು.

ಮೊದಲ ಮೂವತ್ತು ವರ್ಷಗಳ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಹನ್ನೆರಡರ ಹುಡುಗ ತಾನೇ ಏನು ಆಳಿಯಾನು? ತಾಯಿ ತಂದೆಯರೇ ಹಿಂದೆ ನಿಂತು ನಡೆಸಿರಬೇಕು. 626ರಲ್ಲಿ ಮದುವೆಯಾಯಿತು. ಹೆಂಡತಿಯ ಹೆಸರು ಇಶ್ ತ್ಸಕ್ಬು ಅಹಾವ್. 635, 644 ಮತ್ತು 648ರಲ್ಲಿ ಗಂಡುಮಕ್ಕಳು ಹುಟ್ಟಿದರು. 640ರಲ್ಲಿ ತಾಯಿ, ಅದಾದ ಎರಡು ಮೂರು ವರ್ಷದೊಳಗೆ ತಂದೆ ತೀರಿಕೊಂಡರು. ಪಕಾಲ್ ಕಟ್ಟಿಸಿದ್ದೆಂದು ಖಚಿತವಾಗಿ ಹೇಳಬಹುದಾದ ಮೊದಲ ದೇವಸ್ಥಾನ 647ರದ್ದು. ಪಟ್ಟಕ್ಕೆ ಬಂದು ಮೂವತ್ತೆರಡು ವರ್ಷದ ಮೇಲೆ ಶುರುವಾದ ಈ ಕಟ್ಟುವ ಕೆಲಸ ಸಾಯುವವರೆಗೂ ನಿಲ್ಲಲಿಲ್ಲ.

ಕಟ್ಟಿಸಿದ ರೀತಿಯಲ್ಲೂ ಹೊಸತನವಿತ್ತು. ಮಾಯಾ ಕಲ್ಲುಕುಟಿಗರಿಗೆ ನಿಜವಾದ ಕಮಾನು ಗೊತ್ತಿರಲಿಲ್ಲ. ಎರಡು ಗೋಡೆಗಳಿಂದ ಒಂದೊಂದೇ ಕಲ್ಲನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ಚಾಚಿ ಇಡುತ್ತ ಹೋಗಿ, ಮೇಲೆ ಒಂದು ಚಪ್ಪಡಿ ಮುಚ್ಚುವುದು ಅವರ ಪದ್ಧತಿ. ಹೀಗೆ ಕಟ್ಟಿದರೆ ಗೋಡೆ ದಪ್ಪ, ಕೋಣೆ ಇಕ್ಕಟ್ಟು, ಒಳಗೆಲ್ಲ ಕತ್ತಲೆ. ಪಾಲೆಂಕೆಯವರು ಇದಕ್ಕೆ ಒಂದು ಉಪಾಯ ಕಂಡುಕೊಂಡರು. ಇಂಥ ಎರಡು ಮಾಡುಗಳನ್ನು ಪಕ್ಕ ಪಕ್ಕ ಕಟ್ಟಿ ನಡುವಿನ ಒಂದೇ ಗೋಡೆಗೆ ಭಾರ ಹೊರಿಸಿದರು. ಮಾಡಿನ ಹೊರಮೈಯನ್ನು ಇಳಿಜಾರು ಮಾಡಿ ತೂಕ ತಗ್ಗಿಸಿದರು. ಆಗ ಹೊರಗಿನ ಗೋಡೆಗೆ ಭಾರವಿಲ್ಲ. ಅಲ್ಲಿ ಅಗಲವಾದ ಬಾಗಿಲುಗಳನ್ನು ಇಡಬಹುದು, ಗಾಳಿ ಬೆಳಕು ಧಾರಾಳ. ಬಾಗಿಲುಗಳ ನಡುವೆ ಉಳಿದ ಕಂಬಗಳ ಮೇಲೆ ಗಾರೆಯಲ್ಲಿ ಆಳೆತ್ತರದ ಚಿತ್ರಗಳನ್ನು ಮೂಡಿಸಿ ಬಣ್ಣ ಬಳಿದರು. ಮಳೆ ಜಾಸ್ತಿಯಿರುವ ಊರಿನಲ್ಲಿ ಇಳಿಜಾರು ಮಾಡಿನ ಉಪಯೋಗವನ್ನು ಕರಾವಳಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅರಮನೆಯ ಪಕ್ಕದಲ್ಲೇ ಒತುಲುಮ್ ಎಂಬ ತೊರೆ ಹರಿಯುತ್ತದೆ. ಮಳೆಗಾಲದಲ್ಲಿ ಅದು ಉಕ್ಕಿದರೆ ಅಂಗಳಕ್ಕೇ ನೀರು. ಅದಕ್ಕಾಗಿ ತೊರೆಗೆ ಕಲ್ಲಿನ ದಂಡೆ ಕಟ್ಟಿ, ಮೇಲೆ ಮುಚ್ಚಿ, ನೀರನ್ನು ನೆಲದಡಿಯ ಕಾಲುವೆಯಲ್ಲಿ ಹರಿಸಿದರು. ಸಮತಟ್ಟು ಜಾಗ ಕಡಿಮೆಯಿದ್ದ ಆ ಊರಿನಲ್ಲಿ ಇದರಿಂದ ನೆರೆಯ ಕಾಟವೂ ತಪ್ಪಿತು, ಮೇಲೆ ಓಡಾಡಲು ಅಂಗಳವೂ ಸಿಕ್ಕಿತು.

ಯುದ್ಧದ ವಿಷಯದಲ್ಲಿ ಪಕಾಲ್ ಬಹಳ ಕಾಲ ಸುಮ್ಮನಿದ್ದಂತೆ ಕಾಣುತ್ತದೆ. 659ರಲ್ಲಿ ಮಾತ್ರ ಪೂರ್ವ ದಿಕ್ಕಿನ ಊರುಗಳ ಕೆಲವು ಪ್ರಮುಖರು ಅವನ ಸೆರೆಯಾಳುಗಳಾದರು. ಸಾಂತಾ ಎಲೆನಾ ಎಂಬ ಊರಿನ ಅರಸ ನೂನ್ ಉಹೋಲ್ ಚಾಕ್‌ನ ಹೆಸರೂ ಈ ಸಂದರ್ಭದಲ್ಲಿ ಬರುತ್ತದೆ. ದೊಡ್ಡ ನಗರ ಟಿಕಾಲ್‌ನಲ್ಲೂ ಇದೇ ಹೆಸರಿನ ಅರಸನಿದ್ದ. ಹೀಗಾಗಿ ಟಿಕಾಲ್‌ನ ದೊರೆಯೇ ಪಾಲೆಂಕೆಗೆ ಬಂದಿದ್ದ ಎಂದು ವಿದ್ವಾಂಸರು ಬಹಳ ವರ್ಷ ನಂಬಿದ್ದರು. 661ರಲ್ಲಿ ಕಟ್ಟಿದ ಅರಮನೆಯ ಒಂದು ಭಾಗದಲ್ಲಿ, ಮೆಟ್ಟಿಲಿನ ಎರಡೂ ಬದಿಗೆ, ಆರು ಮಂದಿ ಸೆರೆಯಾಳುಗಳನ್ನು ಹೆಸರು ಸಮೇತ ಕೆತ್ತಲಾಗಿದೆ. ಆ ಮೆಟ್ಟಿಲುಗಳ ಮೇಲಿನ ಬರಹ ಶುರುವಾಗುವುದು ಪಕಾಲನ ಜನನದಿಂದ. ಆಮೇಲೆ 599ರ ಕೊಳ್ಳೆಯ ಸುದ್ದಿ. ಕೊನೆಗೆ 659ರ ಈ ಗೆಲುವು. ಅರುವತ್ತು ವರ್ಷದ ಹಿಂದಿನ ಲೆಕ್ಕವನ್ನು ಅರಸ ಮರೆತಿರಲಿಲ್ಲ.

ಕಟುನ್ ಕಾಣಿಕೆಯನ್ನೂ ಅವನು ಮರೆಯಲಿಲ್ಲ. 633ರಲ್ಲಿ, 652ರಲ್ಲಿ, 672ರಲ್ಲಿ, ಹೀಗೆ ತನ್ನ ಕಾಲದಲ್ಲಿ ಬಂದ ಮೂರು ಕಟುನ್‌ಗಳಲ್ಲೂ ಕಾರ್ಯ ಸಾಂಗವಾಗಿ ನಡೆಯಿತು. ಯಾವ ದೇವರಿಗೆ ಯಾವ ಒಡವೆ, ಯಾವ ಶಿರೋಭೂಷಣ ಎಂಬ ಪಟ್ಟಿ ಶಾಸನದಲ್ಲಿದೆ. ಓದಲು ಬೇಸರ ಹುಟ್ಟಿಸುವ ಪಟ್ಟಿಯೇ ಸರಿ. ಆದರೆ 613ರ ಬರಿಗೈಯನ್ನು ಮೊದಲು ಹೇಳಿ, ಆಮೇಲೆ ಈ ಪಟ್ಟಿ ಕೊಟ್ಟದ್ದರಲ್ಲಿ ಅರಸನ ಉದ್ದೇಶ ಸ್ಪಷ್ಟವಿದೆ. ಕೈ ತಪ್ಪಿಹೋದದ್ದನ್ನು ಮತ್ತೆ ನಡೆಸಿಕೊಟ್ಟವನೇ ನಿಜವಾದ ಅರಸ, ಅವನು ಯಾರ ಮಗನಾದರೇನು ಎಂಬ ವಾದ ಅದು.

672ರ ಕೊನೆಗೆ ಹೆಂಡತಿ ತೀರಿಕೊಂಡಳು. ಪಕಾಲನಿಗೆ ಆಗ 69. ಮೂರು ವರ್ಷದ ಮೇಲೆ, 675ರ ಸುಮಾರಿಗೆ, ತನ್ನ ಗೋರಿಯ ಕೆಲಸ ಶುರು ಮಾಡಿಸಿದ. ಇಂದು ಶಾಸನಗಳ ದೇವಾಲಯ ಎಂದು ಹೆಸರಾದ ಕಟ್ಟಡ ಅದೇ. ಮೆಟ್ಟಿಲು ಮೆಟ್ಟಿಲಾಗಿ ಏರುವ ಪಿರಮಿಡ್, ಅದರ ತಲೆಯ ಮೇಲೆ ಐದು ಬಾಗಿಲಿನ ದೇವಸ್ಥಾನ, ಒಳಗೆ ಮೂರು ದೊಡ್ಡ ಕಲ್ಲಿನ ಫಲಕಗಳು. ಒಟ್ಟು 617 ಚಿತ್ರಾಕ್ಷರಗಳ ಬರಹ. ಮಾಯಾ ಶಾಸನಗಳಲ್ಲಿ ಇದಕ್ಕಿಂತ ಉದ್ದವಾದದ್ದು ಹೊಂಡುರಾಸ್‌ನ ಕೊಪಾನ್ ನಗರದ ಮೆಟ್ಟಿಲಿನ ಮೇಲಿರುವುದೊಂದೇ.

ಈ ಬರಹದಲ್ಲಿ ಪಕಾಲ್ ಕಾಲವನ್ನು ಎಳೆದಾಡಿದ ರೀತಿ ಬೆರಗು ಹುಟ್ಟಿಸುತ್ತದೆ. ಹಿಂದಕ್ಕೆ ಹನ್ನೆರಡು ಲಕ್ಷ ವರ್ಷಗಳಿಗೂ ಹೆಚ್ಚು ದೂರ ಹೋಗಿ, ಅಂದು ಪಟ್ಟಕ್ಕೆ ಬಂದ ದೈವವೊಂದಕ್ಕೆ ತನ್ನ ಪಟ್ಟವನ್ನು ಜೋಡಿಸುತ್ತಾನೆ. ಮುಂದಕ್ಕೂ ಅಷ್ಟೇ. ದಿನಗಳ ಎರಡು ಬೇರೆ ಬೇರೆ ಎಣಿಕೆಗಳು ಸೇರಿ ಮಾಯಾ ಪಂಚಾಂಗದಲ್ಲಿ 52 ವರ್ಷದ ಒಂದು ಚಕ್ರವಾಗುತ್ತದೆ. ತಾನು ಪಟ್ಟವೇರಿದ ದಿನ ಆ ಚಕ್ರದಲ್ಲಿ 80 ಬಾರಿ ತಿರುಗಿ ಬರುವ ತಾರೀಕನ್ನು ಲೆಕ್ಕ ಹಾಕಿ ಕೆತ್ತಿಸಿದ್ದಾನೆ. ನಮ್ಮ ಲೆಕ್ಕದಲ್ಲಿ ಅದು ಕ್ರಿ.ಶ. 4772ರ ಅಕ್ಟೋಬರ್. 2012ರ ಡಿಸೆಂಬರ್‌ಗೆ ಮಾಯಾ ಪಂಚಾಂಗ ಮುಗಿಯುತ್ತದೆ, ಪ್ರಳಯವಾಗುತ್ತದೆ ಎಂದು ಟಿವಿಯಲ್ಲಿ ಗುಲ್ಲೆಬ್ಬಿಸಿದವರು ಈ ಫಲಕವನ್ನು ನೋಡಿದ್ದರೆ ಅಷ್ಟು ಜನರ ನಿದ್ದೆಗೆಡುತ್ತಿರಲಿಲ್ಲ.

683ರ ಆಗಸ್ಟ್ 28ರಂದು ಪಕಾಲ್ ತೀರಿಕೊಂಡ. ವಯಸ್ಸು ಎಂಬತ್ತು. ಆಳ್ವಿಕೆ ಅರುವತ್ತೆಂಟು ವರ್ಷ ಮತ್ತು ಒಂದು ತಿಂಗಳು. ಖಚಿತ ತಾರೀಕುಗಳಿರುವ ಆಳ್ವಿಕೆಗಳಲ್ಲಿ ಜಗತ್ತಿನಲ್ಲೇ ಅತಿ ದೀರ್ಘವಾದವುಗಳ ಸಾಲಿಗೆ ಇದು ಸೇರುತ್ತದೆ.

ಗೋರಿ ಆ ಹೊತ್ತಿಗೆ ಸಿದ್ಧವಿತ್ತು. ನೆಲಮಟ್ಟಕ್ಕಿಂತ ಕೆಳಗೆ ಎತ್ತರವಾದ ಕೋಣೆ. ನಡುವೆ ಒಂದೇ ಬಂಡೆಯಲ್ಲಿ ಕೊರೆದ ಶವಪೆಟ್ಟಿಗೆ. ಮೇಲೆ ಸುಮಾರು ಮೂರು ಮುಕ್ಕಾಲು ಮೀಟರ್ ಉದ್ದ, ಎರಡು ಮೀಟರಿಗಿಂತ ಹೆಚ್ಚು ಅಗಲ, ಹಲವು ಟನ್ ತೂಕದ ಮುಚ್ಚಳ. ಇದನ್ನೆಲ್ಲ ಮೊದಲು ಇಟ್ಟು ಆಮೇಲೆ ಸುತ್ತಲೂ ಪಿರಮಿಡ್ ಎಬ್ಬಿಸಿದರು. ಮುಖಕ್ಕೆ ಮುನ್ನೂರಕ್ಕೂ ಹೆಚ್ಚು ಜೇಡ್ ಎಂಬ ಹಸಿರು ಕಲ್ಲಿನ ಚೂರುಗಳನ್ನು ಜೋಡಿಸಿ ಮಾಡಿದ ಮುಖವಾಡ. ಕಣ್ಣಿಗೆ ಚಿಪ್ಪು ಮತ್ತು ಕಪ್ಪು ಗಾಜುಗಲ್ಲು. ಒಂದು ಕೈಯಲ್ಲಿ ಜೇಡ್‌ನ ಗುಂಡು, ಇನ್ನೊಂದರಲ್ಲಿ ಚೌಕದ ತುಂಡು, ಬಾಯಲ್ಲಿ ಒಂದು ಮಣಿ. ಮೈಮೇಲೆಲ್ಲ ಇಂಗಳೀಕದ ಕೆಂಪು ಪುಡಿ. ಬಾಗಿಲ ಹೊರಗೆ ಕಲ್ಲಿನ ತೊಟ್ಟಿಯೊಂದರಲ್ಲಿ ಐದಾರು ಮಂದಿಯ ಎಲುಬುಗಳು ಸಿಕ್ಕಿವೆ. ಅರಸನ ಜೊತೆಗೆ ಬಲಿಯಾದವರು ಅವರು. ಅವರ ಹೆಸರುಗಳನ್ನು ಯಾರೂ ಬರೆಸಲಿಲ್ಲ. ಪೆಟ್ಟಿಗೆಯಿಂದ ಹೊರಟ ಒಂದು ಸಣ್ಣ ಕೊಳವೆ ಮೆಟ್ಟಿಲಿನ ಗುಂಟ ಏರಿ ಮೇಲಿನ ದೇವಸ್ಥಾನದವರೆಗೆ ಹೋಗುತ್ತದೆ. ಸತ್ತ ಅರಸನ ಜೊತೆ ಬದುಕಿರುವವರ ಸಂಬಂಧ ಕಡಿಯದಿರಲಿ ಎಂದು ಹೀಗೆ ಮಾಡಿರಬೇಕು.

ಶವಪೆಟ್ಟಿಗೆಯ ನಾಲ್ಕೂ ಬದಿಗೆ ಪಕಾಲನ ಹಿರಿಯರು ಹತ್ತು ಕಡೆ ಮೂಡಿದ್ದಾರೆ. ಒಬ್ಬೊಬ್ಬರೂ ನೆಲ ಸೀಳಿ ಏಳುವ ಒಂದೊಂದು ಹಣ್ಣಿನ ಮರದ ಜೊತೆ ಹುಟ್ಟಿ ಬರುತ್ತಿದ್ದಾರೆ. ಪೇರಳೆಯ ಮರವಿದೆ, ಬೆಣ್ಣೆಹಣ್ಣಿನ ಮರವಿದೆ. ತಾಯಿ ಸಕ್ ಕುಕ್‌ಳದ್ದು ಕೊಕ್ಕೋ ಮರ. ಕಾಸರಗೋಡಿನ ಅಡಕೆ ತೋಟಗಳ ನಡುವೆ ಇಂದು ಬೆಳೆಯುವ ಅದೇ ಕೊಕ್ಕೋ. ಅದು ಅಮೆರಿಕ ಖಂಡದಿಂದಲೇ ಜಗತ್ತಿಗೆಲ್ಲ ಹೋದದ್ದು. ಮಾಯಾ ಜನ ಅದರ ಬೀಜವನ್ನು ಅರೆದು ನೊರೆ ಬರಿಸಿ ಕುಡಿಯುತ್ತಿದ್ದರು. ಪಟ್ಟಾಭಿಷೇಕದ ಚಿತ್ರದಲ್ಲಿ ಇಲ್ಲದ ತಂದೆ ಇಲ್ಲಿ ಇದ್ದಾನೆ. ತಾಯಿ, ತಂದೆ ಇಬ್ಬರೂ ಎರಡೆರಡು ಬಾರಿ. ಮೊದಲ ಕೊಳ್ಳೆಯನ್ನು ಕಂಡ ರಾಣಿ ಯೋಲ್ ಇಕ್ನಾಲ್ ಕೂಡಾ ಎರಡು ಬಾರಿ. ಹೆಣ್ಣು ಅರಸಿಯಾದದ್ದು ಈ ಮನೆತನಕ್ಕೆ ಹೊಸತಲ್ಲ ಎಂದು ತೋರಿಸುವುದಕ್ಕೇ ಹೀಗೆ ಮಾಡಿದ್ದು ಎಂದರೆ ತಪ್ಪಾಗಲಾರದು.

ಹಿರಿಯ ಮಗ ಕಿನಿಚ್ ಕಾನ್ ಬಹಲಮ್ 684ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೇ 48. ಅಪ್ಪನ ದೇವಾಲಯವನ್ನು ಪೂರ್ತಿ ಮಾಡಿದ್ದು, ಮೂರು ಕುಲದೇವರಿಗೂ ಒಂದೊಂದು ಗುಡಿ ಕಟ್ಟಿಸಿದ್ದು ಅವನೇ. 702ರಲ್ಲಿ ಅವನು ಸತ್ತ ಮೇಲೆ ತಮ್ಮ ಕಾನ್ ಹೋಯ್ ಚಿತಮ್ ಬಂದ. 711ರಲ್ಲಿ ನೆರೆಯ ತೊನಿನಾದವರು ಈತನನ್ನು ಸೆರೆ ಹಿಡಿದರು. ಆ ಊರಿನ ಒಂದು ಕಲ್ಲಿನಲ್ಲಿ ಅವನು ಹಗ್ಗ ಕಟ್ಟಿಸಿಕೊಂಡು ಒರಗಿದ ಚಿತ್ರವಿದೆ. ಇಷ್ಟಾದರೂ ಅವನ ಕಾಲದ ಅರಮನೆಯ ಫಲಕದಲ್ಲಿ ಹಳೆಯ ಚಿತ್ರವೇ ಮತ್ತೆ ಬರುತ್ತದೆ. ನಡುವೆ ಮಗ, ಒಂದು ಬದಿಯಲ್ಲಿ ಕಿರೀಟ ಹಿಡಿದ ಪಕಾಲ್, ಇನ್ನೊಂದು ಬದಿಯಲ್ಲಿ ತಾಯಿ. ಆಮೇಲೆ ಮೂರನೆಯ ಮಗನ ಮಗ ಆಳಿದ. ಪಾಲೆಂಕೆಯಲ್ಲಿ ಸಿಕ್ಕ ಕೊನೆಯ ತಾರೀಕು 799ರದ್ದು. ಅಲ್ಲಿಂದ ಮುಂದೆ ಊರು ಖಾಲಿಯಾಗಿ ಕಾಡು ಬೆಳೆಯಿತು.

ಕಲ್ಲಿನಲ್ಲಿ ಬರೆಸಿದರೆ ಶಾಶ್ವತ ಎನ್ನುತ್ತಾರೆ. ಓದುವವರೇ ಇಲ್ಲದಿದ್ದರೆ ಕಲ್ಲು ಏನು ಮಾಡೀತು? ಸ್ಪೇನಿನವರು ಬಂದ ಮೇಲೆ, 1562ರಲ್ಲಿ, ದಿಯೆಗೋ ದೆ ಲಾಂಡಾ ಎಂಬ ಪಾದ್ರಿ ಯುಕಟಾನಿನಲ್ಲಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಕ್ರಮೇಣ ಲಿಪಿ ಬಲ್ಲವರೂ ಇಲ್ಲವಾದರು. ಪಕಾಲನ ಹೆಸರು ಸಾವಿರಕ್ಕೂ ಹೆಚ್ಚು ವರ್ಷ ಯಾರ ಬಾಯಲ್ಲೂ ಬರಲಿಲ್ಲ.

1949ರಲ್ಲಿ ಮೆಕ್ಸಿಕೋದ ಪುರಾತತ್ವಜ್ಞ ಆಲ್ಬೆರ್ಟೋ ರುಸ್ ಶಾಸನಗಳ ದೇವಾಲಯದ ನೆಲವನ್ನು ಪರಿಶೀಲಿಸುತ್ತಿದ್ದರು. ಒಂದು ಚಪ್ಪಡಿಯಲ್ಲಿ ಸಾಲಾಗಿ ತೂತುಗಳು, ಅವುಗಳಿಗೆ ಕಲ್ಲಿನ ಬಿರಡೆ. ಗೋಡೆಗಳೂ ನೆಲಕ್ಕೆ ನಿಲ್ಲದೆ ಕೆಳಗೆ ಇಳಿದಿದ್ದವು. ಚಪ್ಪಡಿ ಎತ್ತಿಸಿದರೆ ಅಡಿಯಲ್ಲಿ ಮೆಟ್ಟಿಲು. ಆದರೆ ಮೆಟ್ಟಿಲಿನ ತುಂಬ ಕಲ್ಲು ಮಣ್ಣು ಗಿಡಿಯಲಾಗಿತ್ತು. ಅದನ್ನು ತೆಗೆಯುವುದಕ್ಕೇ ನಾಲ್ಕು ಹಂಗಾಮು ಹಿಡಿಯಿತು. 1952ರ ಜೂನ್ 15ರಂದು ತ್ರಿಕೋನಾಕಾರದ ಕಲ್ಲಿನ ಬಾಗಿಲು ಸರಿಸಿ ರುಸ್ ಒಳಗೆ ಹೋದರು. ನವೆಂಬರ್ ಕೊನೆಗೆ ಲಾರಿಯ ಜಾಕ್‌ಗಳನ್ನು ಮರದ ದಿಮ್ಮಿಗಳ ಮೇಲಿಟ್ಟು ಆ ಮುಚ್ಚಳವನ್ನು ಎತ್ತಿಸಿದರು. ಮಾಯಾ ಪಿರಮಿಡ್ ಎಂದರೆ ದೇವಸ್ಥಾನದ ಜಗಲಿ ಮಾತ್ರ, ಈಜಿಪ್ಟಿನವುಗಳಂತೆ ಗೋರಿಯಲ್ಲ ಎಂಬ ಅಲ್ಲಿಯವರೆಗಿನ ನಂಬಿಕೆ ಅಂದಿಗೆ ಮುಗಿಯಿತು.

ಒಳಗಿದ್ದವನು ಯಾರೆಂದು ಮಾತ್ರ ತಿಳಿಯಲಿಲ್ಲ. ಮುಚ್ಚಳದ ಅಂಚಿನ ಬರಹದಲ್ಲಿ ಎಂಟು ಅಹಾವ್ ಎಂಬ ದಿನದ ಹೆಸರು ಕಂಡ ರುಸ್ ಆತನನ್ನು ಹಾಗೆಯೇ ಕರೆದರು. ಅದು ಹುಟ್ಟಿದ ದಿನ ಎಂದು ಗೊತ್ತಾದದ್ದು ಆಮೇಲೆ. ವಿಚಿತ್ರವೆಂದರೆ, ಗೋರಿ ತೆರೆದ 1952ರಲ್ಲೇ ಅತ್ತ ಸೋವಿಯತ್ ಒಕ್ಕೂಟದಲ್ಲಿ ಯೂರಿ ಕ್ನೊರೊಜೊವ್ ಎಂಬ ಯುವ ವಿದ್ವಾಂಸ ಮಾಯಾ ಲಿಪಿಯಲ್ಲಿ ಉಚ್ಚಾರದ ಅಕ್ಷರಗಳಿವೆ ಎಂಬ ಲೇಖನ ಪ್ರಕಟಿಸಿದ್ದ. ಆಗ ಅವನು ಪಾಲೆಂಕೆಯನ್ನು ಕಂಡಿರಲೇ ಇಲ್ಲ. ಅವನ ಮಾತನ್ನು ಅಮೆರಿಕದವರು ಒಪ್ಪಲು ಇಪ್ಪತ್ತು ವರ್ಷ ಬೇಕಾಯಿತು. 1973ರ ಡಿಸೆಂಬರ್‌ನಲ್ಲಿ ಪಾಲೆಂಕೆಯಲ್ಲೇ ಒಂದು ವಿದ್ವತ್ ಗೋಷ್ಠಿ ನಡೆಯಿತು. ಚಿತ್ರಕಲೆ ಕಲಿಸುತ್ತಿದ್ದ ಲಿಂಡಾ ಶೀಲಿ, ವಿದ್ಯಾರ್ಥಿ ಪೀಟರ್ ಮ್ಯಾಥ್ಯೂಸ್, ಭಾಷಾತಜ್ಞ ಫ್ಲಾಯ್ಡ್ ಲೌನ್ಸ್‌ಬರಿ ಸೇರಿ ಒಂದೇ ಮಧ್ಯಾಹ್ನ ಕೂತು ಶಾಸನಗಳ ತಾರೀಕುಗಳನ್ನು ಜೋಡಿಸಿ ಅರಸರ ವಂಶಾವಳಿಯನ್ನು ಬಿಡಿಸಿದರು. ಗುರಾಣಿಯ ಚಿತ್ರವಿದ್ದ ಹೆಸರಿಗೆ ಇಂಗ್ಲಿಷ್ ಏಕೆ, ಸ್ಥಳೀಯ ಮಾಯಾ ಭಾಷೆಯ ಪದವನ್ನೇ ಇಡೋಣ ಎಂದಾಯಿತು. ಪಕಾಲ್ ಎಂಬ ಹೆಸರು ಮತ್ತೆ ಜನರ ಬಾಯಿಗೆ ಬಂದದ್ದು ಹೀಗೆ.

ಇದಕ್ಕೆ ಮೊದಲೇ, 1968ರಲ್ಲಿ, ಎರಿಕ್ ಫಾನ್ ಡೆನಿಕನ್ ಎಂಬ ಸ್ವಿಸ್ ಲೇಖಕ ಮುಚ್ಚಳದ ಚಿತ್ರವನ್ನು ಅಡ್ಡ ತಿರುಗಿಸಿ, ಇವನು ರಾಕೆಟ್ ನಡೆಸುತ್ತಿರುವ ಗಗನಯಾತ್ರಿ ಎಂದುಬಿಟ್ಟ. ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಚಿತ್ರವನ್ನು ನೆಟ್ಟಗೆ ಹಿಡಿದು ನೋಡಿದರೆ ಕಾಣುವುದು ಬೇರೆಯೇ. ಕೆಳಗೆ ಪಾತಾಳದ ಎಲುಬಿನ ದವಡೆ ಬಾಯಿ ತೆರೆದಿದೆ. ಅದರ ಮೇಲೆ ಮೆಕ್ಕೆಜೋಳದ ದೇವರ ವೇಷದಲ್ಲಿ ಪಕಾಲ್ ಒರಗಿದ್ದಾನೆ. ಅವನ ಹಿಂದಿನಿಂದ ಶಿಲುಬೆಯಾಕಾರದ ಜಗದ ಮರ ಮೇಲೇಳುತ್ತದೆ, ಅದರ ತುದಿಯಲ್ಲಿ ಹಕ್ಕಿ. ಅಂಚಿನಲ್ಲಿ ಸೂರ್ಯ, ಚಂದ್ರ, ನಕ್ಷತ್ರಗಳ ಪಟ್ಟಿ. ಬಿತ್ತಿದ ಕಾಳು ಮಣ್ಣಿನೊಳಗೆ ಹೋಗಿ ಮತ್ತೆ ಮೊಳೆಯುವ ಹಾಗೆ ಅರಸನೂ ಮರಳಿ ಹುಟ್ಟುತ್ತಾನೆ ಎಂಬುದು ಅದರ ಅರ್ಥ. ರೈತಾಪಿ ಜನರಿಗೆ ಇದು ರಾಕೆಟ್ಟಿಗಿಂತ ಬೇಗ ತಿಳಿದೀತು.

ನಿಜವಾದ ಜಗಳ ನಡೆದದ್ದು ಎಲುಬಿನ ಮೇಲೆ. 1952ರಲ್ಲಿ ಅಸ್ಥಿಪಂಜರ ನೋಡಿದ ತಜ್ಞರು ಸತ್ತವನ ವಯಸ್ಸು ನಲುವತ್ತರಿಂದ ಐವತ್ತು ಎಂದಿದ್ದರು. ಶಾಸನ ಓದಿದವರು ಎಂಬತ್ತು ಎಂದರು. ಹಲ್ಲುಗಳು ಅಷ್ಟೊಂದು ಸವೆದಿಲ್ಲ, ಎಂಬತ್ತರ ಮುದುಕನದ್ದಾಗಲು ಸಾಧ್ಯವೇ ಇಲ್ಲ, ನೀವು ತಾರೀಕು ತಪ್ಪು ಓದಿದ್ದೀರಿ ಎಂಬುದು ರುಸ್ ಅವರ ಹಟ. ಅರಸನೇ ಸುಳ್ಳು ಬರೆಸಿರಬಹುದಲ್ಲ ಎಂಬ ಅನುಮಾನವೂ ಬಂತು. ಅನುಮಾನ ಅಕಾರಣವಾಗಿರಲಿಲ್ಲ. ತಾಯಿಯನ್ನು ದೇವರ ಸಾಲಿಗೆ ಸೇರಿಸಿದವನು, ಹನ್ನೆರಡು ಲಕ್ಷ ವರ್ಷದ ಹಿಂದಿನ ಪಟ್ಟಕ್ಕೆ ತನ್ನ ಪಟ್ಟವನ್ನು ಗಂಟು ಹಾಕಿದವನು, ಹುಟ್ಟಿದ ತಾರೀಕನ್ನು ಮಾತ್ರ ಸರಿಯಾಗಿ ಬರೆಸಿದ ಎಂದು ನಂಬುವುದು ಹೇಗೆ? ಅವನ ಮಾತು ಸುಳ್ಳೆಂದಾದರೆ ಪಾಲೆಂಕೆಯ ಇತಿಹಾಸ ಮಾತ್ರವಲ್ಲ, ಮಾಯಾ ಶಾಸನಗಳ ಮೇಲೆ ಕಟ್ಟಿದ ಇಡೀ ಇತಿಹಾಸವೇ ಅಲುಗಾಡುತ್ತಿತ್ತು.

ರುಸ್ 1979ರಲ್ಲಿ ತೀರಿಕೊಂಡರು. ಕೊನೆಯವರೆಗೂ ಎಂಬತ್ತನ್ನು ಅವರು ಒಪ್ಪಲಿಲ್ಲ. ಅವರ ಸಮಾಧಿ ಇರುವುದು ಪಾಲೆಂಕೆಯಲ್ಲೇ, ಶಾಸನಗಳ ದೇವಾಲಯಕ್ಕೆ ಎದುರಾಗಿ. 1985ರ ಕ್ರಿಸ್‌ಮಸ್ ರಾತ್ರಿ ಮೆಕ್ಸಿಕೋ ನಗರದ ರಾಷ್ಟ್ರೀಯ ಮ್ಯೂಸಿಯಂನಿಂದ ನೂರಕ್ಕೂ ಹೆಚ್ಚು ವಸ್ತುಗಳು ಕಳವಾದವು. ಪಕಾಲನ ಜೇಡ್ ಮುಖವಾಡವೂ ಅದರಲ್ಲಿತ್ತು. 1989ರಲ್ಲಿ ಅದು ಮರಳಿ ಸಿಕ್ಕಿತು. 1994ರಲ್ಲಿ ಪಕ್ಕದ ಇನ್ನೊಂದು ಸಣ್ಣ ಪಿರಮಿಡ್‌ನೊಳಗೆ ಇಂಗಳೀಕದಲ್ಲಿ ಮುಳುಗಿದ ಹೆಂಗಸಿನ ಶವ ಕಂಡಿತು. ಹೆಸರು ಬರೆದಿರಲಿಲ್ಲವಾಗಿ ಕೆಂಪು ರಾಣಿ ಎಂದು ಕರೆದರು. ಮೊದಲು ಇವಳು ಪಕಾಲನ ತಾಯಿ ಇರಬಹುದು ಎಂಬ ಮಾತಿತ್ತು. ಡಿಎನ್‌ಎ ಪರೀಕ್ಷೆಯಲ್ಲಿ ಇಬ್ಬರಿಗೂ ರಕ್ತಸಂಬಂಧ ಕಾಣಲಿಲ್ಲ. ಹೆಂಡತಿ ತ್ಸಕ್ಬು ಅಹಾವ್‌ಳೇ ಇರಬೇಕು ಎಂಬುದು ಈಗ ಹೆಚ್ಚಿನವರ ಅಭಿಪ್ರಾಯ.

ಎಲುಬಿನ ಪ್ರಶ್ನೆ ಮತ್ತೆ ಎದ್ದದ್ದು 1999ರಲ್ಲಿ. ವೆರಾ ಟೀಸ್ಲರ್ ಮತ್ತು ಆಂಡ್ರಿಯಾ ಕುಚಿನಾ ಮೊದಲಾದ ತಜ್ಞರು ಗೋರಿಗೆ ಇಳಿದು ಹೊಸ ವಿಧಾನಗಳಿಂದ ಪರೀಕ್ಷೆ ನಡೆಸಿದರು. ಎಲುಬಿನ ತೆಳುವಾದ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಂದಾಜು ಹಾಕಿದರು. ಇದು ನಲುವತ್ತರವನದ್ದಲ್ಲ, ಇಳಿವಯಸ್ಸಿನವನದ್ದು ಎಂಬ ತೀರ್ಮಾನಕ್ಕೆ ಬಂದರು. 2006ರಲ್ಲಿ ಅವರ ಅಧ್ಯಯನ ಪುಸ್ತಕವಾಗಿ ಬಂತು. ಹಲ್ಲು ಸವೆಯದಿದ್ದುದಕ್ಕೆ ಮೆದುವಾದ ಅರಮನೆಯ ಊಟ ಕಾರಣವಿರಬಹುದು. ಹುಟ್ಟಿದ ದಿನ, ಪಟ್ಟವೇರಿದ ದಿನ, ಸತ್ತ ದಿನ, ಮೂರರ ವಿಷಯದಲ್ಲೂ ಕಲ್ಲಿನ ಮಾತೇ ನಿಂತಿತು.

ಮುಖವಾಡ, ಒಡವೆಗಳೆಲ್ಲ ಮೆಕ್ಸಿಕೋ ನಗರದ ಮ್ಯೂಸಿಯಂನಲ್ಲಿವೆ. ಶವಪೆಟ್ಟಿಗೆಯನ್ನು ಮಾತ್ರ ಯಾರೂ ಹೊರಗೆ ತರಲಿಲ್ಲ. ತರುವುದಕ್ಕೆ ದಾರಿಯೂ ಇಲ್ಲ, ಮೆಟ್ಟಿಲು ಅದಕ್ಕಿಂತ ಕಿರಿದು. ಪಕಾಲನ ಎಲುಬುಗಳು ಈಗಲೂ ಅದರಲ್ಲೇ ಇವೆ.